ಗದ್ಯಾಣ, ಕಲ್ಲು, ಬಡ್ಡಿ
ಬ್ಲಾಕ್‌ಚೈನ್ ಟೋಕನ್‌ಗಳ ಮಾತು ಬಂದಾಗಲೆಲ್ಲ ನನಗೆ ಹೊಯ್ಸಳರ ಗದ್ಯಾಣ ನೆನಪಾಗುತ್ತದೆ. 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ವಿಷ್ಣುವರ್ಧನ ತನ್ನ ಚಿನ್ನದ ನಾಣ್ಯದ ಮೇಲೆ ‘ಶ್ರೀ ತಲಕಾಡುಗೊಂಡ’ ಎಂದು ಕನ್ನಡದಲ್ಲೇ ಬರೆಸಿದ.

ನಾಣ್ಯವೇನೋ ಅರಸನದು. ಆದರೆ ದೇವರ ದೀಪಕ್ಕೆಂದು ಭಕ್ತರು ಕೊಟ್ಟ ಗದ್ಯಾಣವನ್ನು ಎಷ್ಟೋ ಕಡೆ ಊರಿನ ಮಹಾಜನರು, ವರ್ತಕರು ಕಾಯುತ್ತಿದ್ದರು. ಮೂಲಧನವನ್ನು ಮುಟ್ಟುವಂತಿಲ್ಲ; ಬಡ್ಡಿಯಿಂದ ಎಣ್ಣೆ, ಹೂವು ಸಲ್ಲಬೇಕು. ಕೊಟ್ಟವರು ಯಾರು, ಎಷ್ಟು, ಯಾತಕ್ಕೆ ಎಂಬುದೆಲ್ಲ ಕಲ್ಲಿನಲ್ಲಿ, ಎಲ್ಲರ ಕಣ್ಣೆದುರಿಗೆ. ಕೊನೆಯಲ್ಲಿ, ದತ್ತಿ ಕೆಡಿಸಿದವರಿಗೆ ಶಾಪ.

ಬ್ಲಾಕ್‌ಚೈನ್ ಕೂಡ ಸುಲಭವಾಗಿ ತಿದ್ದಲಾಗದ ಬಹಿರಂಗ ಲೆಕ್ಕವೇ. ಆದರೆ ಅರಸೀಕೆರೆ, ಹಳೇಬೀಡುಗಳ ಗುಡಿಗಳಲ್ಲಿ ಇಂದಿಗೂ ಅಕ್ಷರಗಳನ್ನು ಓದಬಹುದು. ಅಂದಿನ ಬಡ್ಡಿ ಕಟ್ಟುವವರಿಲ್ಲ. ಲೆಕ್ಕ ಉಳಿದರಷ್ಟೇ ಸಾಲದು, ಅದಕ್ಕೆ ಹೊಣೆಯಾಗುವ ಊರೂ ಉಳಿಯಬೇಕು.