ಅರಮನೆಗೆ ಬಂದ ಡಬ್ಬಿ ವಿದ್ಯೆ

ಅಲಾಸ್ಕಾದ ಹೂನಾ ಎಂಬ ಪುಟ್ಟ ಊರಿನಲ್ಲಿ ಪ್ರವಾಸಿ ಹಡಗುಗಳು ಬಂದು ನಿಲ್ಲುವುದು ಒಂದು ಹಳೆಯ ಕಾರ್ಖಾನೆಯ ಎದುರು. ಸಾಲ್ಮನ್ ಮೀನನ್ನು ಡಬ್ಬಿಗೆ ತುಂಬಲೆಂದು 1912ರಲ್ಲಿ ಕಟ್ಟಿದ ಕಟ್ಟಡ ಅದು. ಕೆಲಸ ನಿಂತ ಮೇಲೆ ಅಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರ ಕಂಪನಿಯೇ ಅದನ್ನು ಕೊಂಡು, ದುರಸ್ತಿ ಮಾಡಿ, 2004ರಲ್ಲಿ ಪ್ರವಾಸಿಗರಿಗೆ ತೆರೆಯಿತು.

ಮೈಸೂರಿನ ನಮ್ಮ ಒಂಟಿಕೊಪ್ಪಲು ಬಡಾವಣೆಗೆ ಸಮುದ್ರವಿಲ್ಲ, ಹಡಗೂ ಬಾರದು. ಆದರೂ ಡಬ್ಬಿ ವಿದ್ಯೆ ಮತ್ತು ಹಳೆಯ ಕಟ್ಟಡಕ್ಕೆ ಸಿಕ್ಕ ಹೊಸ ಬಾಳು, ಈ ಎರಡೂ ಬಡಾವಣೆಯ ಮಗ್ಗುಲಲ್ಲೇ ಇವೆ. ಕೆಆರ್‌ಎಸ್ ರಸ್ತೆಯಲ್ಲಿ ದಿನವೂ ಓಡಾಡುವವರಿಗೆ ಆ ಜಾಗ ಬರೀ ‘ಸಿಎಫ್‌ಟಿಆರ್‌ಐ’.

ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ತಂಗಿ ಚೆಲುವಾಜಮ್ಮಣ್ಣಿಯವರಿಗಾಗಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಅರಮನೆ ಚೆಲುವಾಂಬ ಮ್ಯಾನ್ಷನ್ನೇ ಆ ಹಳೆಯ ಕಟ್ಟಡ. ಸ್ವಾತಂತ್ರ್ಯ ಬಂದಾಗ ದೇಶಕ್ಕೆ ಅನ್ನದ್ದೇ ಚಿಂತೆ. ಬಂಗಾಳದ 1943ರ ಕ್ಷಾಮವನ್ನು ಯಾರೂ ಮರೆತಿರಲಿಲ್ಲ, ಪಡಿತರ ಇನ್ನೂ ನಡೆದಿತ್ತು. ಬೆಳೆದದ್ದನ್ನು ಕೆಡದಂತೆ ಉಳಿಸುವುದಕ್ಕೇ ಒಂದು ರಾಷ್ಟ್ರೀಯ ಸಂಸ್ಥೆ ಬೇಕೆಂದಾಗ ಮೈಸೂರು ಸರ್ಕಾರ ಈ ಅರಮನೆಯನ್ನೇ ಬಿಟ್ಟುಕೊಟ್ಟಿತು. 1950ರ ಅಕ್ಟೋಬರ್ 21ರಂದು ಸಿ. ರಾಜಗೋಪಾಲಾಚಾರಿ ಅವರು ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವನ್ನು, ಅಂದರೆ ಸಿಎಫ್‌ಟಿಆರ್‌ಐಯನ್ನು, ಉದ್ಘಾಟಿಸಿದರು. ಮೊದಲ ನಿರ್ದೇಶಕರು ಡಾ. ವಿ. ಸುಬ್ರಹ್ಮಣ್ಯನ್.

ಡಬ್ಬಿ ಕಟ್ಟುವ ವಿದ್ಯೆ ಆಗಲೇ ಶತಮಾನ ದಾಟಿತ್ತು. ಸೈನ್ಯದ ಊಟ ಕೆಡದಂತೆ ಇಡುವ ದಾರಿ ತೋರಿಸಿದ್ದಕ್ಕೆ ಫ್ರಾನ್ಸಿನ ಸರ್ಕಾರ ನಿಕೊಲಾ ಅಪೇರ್ ಎಂಬ ಮಿಠಾಯಿ ತಯಾರಕನಿಗೆ 12,000 ಫ್ರಾಂಕ್ ಕೊಟ್ಟಿತ್ತು. ಆತ ಬಳಸಿದ್ದು ಗಾಜಿನ ಬಾಟಲಿ. 1810ರಲ್ಲಿ ಇಂಗ್ಲೆಂಡಿನ ಪೀಟರ್ ಡ್ಯುರಾಂಡ್ ತವರದ ಡಬ್ಬಿಗೂ ಹಕ್ಕುಪತ್ರ ಪಡೆದ. ಆಹಾರ ಏಕೆ ಕೆಡುತ್ತದೆಂದು ಪಾಶ್ಚರ್ ಹೇಳುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು ಇದು!

ಮೀನು, ಮಾಂಸ, ಹುರುಳಿಕಾಯಿಯಂಥ ಹುಳಿ ಕಡಿಮೆಯ ಪದಾರ್ಥಗಳಲ್ಲಿ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅವನ್ನು ಕೊಲ್ಲಲು ಸುಮಾರು 121 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಮೇಲಿರುವ ಮೈಸೂರಿನಲ್ಲಿ ತೆರೆದ ಪಾತ್ರೆಯ ನೀರು ನೂರು ಡಿಗ್ರಿಯನ್ನೂ ಮುಟ್ಟದು, 97–98ಕ್ಕೇ ಕುದಿಯುತ್ತದೆ. ಆದ್ದರಿಂದಲೇ ಮುಚ್ಚಿದ ಡಬ್ಬಿಯನ್ನು ಒತ್ತಡದ ಹಬೆಯಲ್ಲಿ ಬೇಯಿಸುವ ‘ರಿಟಾರ್ಟ್’ ಬೇಕು. ಮನೆಯ ಕುಕ್ಕರಿನ ದೊಡ್ಡಣ್ಣ ಎಂದರಾಯಿತು. ಹುಳಿ ಇರುವ ಮಾವು, ಅನಾನಸಿಗೆ ಇಷ್ಟು ಕಷ್ಟವಿಲ್ಲ, ಕುದಿನೀರು ಸಾಕು. ಎಷ್ಟು ಡಿಗ್ರಿ, ಎಷ್ಟು ನಿಮಿಷ, ಯಾವ ಅಳತೆಯ ಡಬ್ಬಿ ಎಂಬ ಲೆಕ್ಕವೇ ಈ ವಿದ್ಯೆಯ ಜೀವಾಳ.

ಸಂಸ್ಥೆ ಡಬ್ಬಿಗೆ ಮಾತ್ರ ಅಂಟಿಕೊಳ್ಳಲಿಲ್ಲ. ಎಮ್ಮೆಹಾಲಿನಿಂದ ಶಿಶು ಆಹಾರ ತಯಾರಿಸುವ ತಂತ್ರ ಇಲ್ಲಿಂದಲೇ ಅಮೂಲ್‌ಗೆ ಹೋಯಿತು. 1960ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಅಂತರರಾಷ್ಟ್ರೀಯ ತರಬೇತಿ ಕೇಂದ್ರ ಬಂದು, ಹೊರದೇಶಗಳ ವಿದ್ಯಾರ್ಥಿಗಳೂ ಇಲ್ಲಿ ಕಲಿತರು. 1961ರಲ್ಲಿ ಸೈನಿಕರ ಊಟಕ್ಕೆಂದೇ ರಕ್ಷಣಾ ಆಹಾರ ಸಂಶೋಧನಾಲಯವೂ ಮೈಸೂರಿನಲ್ಲೇ ಹುಟ್ಟಿತು.

ಒಡೆಯರ ಇನ್ನೊಬ್ಬ ಸಹೋದರಿ ಜಯಲಕ್ಷ್ಮಮ್ಮಣ್ಣಿಯವರ ಅರಮನೆಯ ಕಥೆ ಬೇರೆ. ಒಂಟಿಕೊಪ್ಪಲಿನ ‘ಉದಯರವಿ’ ಮನೆಯ ಕವಿ ಕುವೆಂಪು ಕುಲಪತಿಗಳಾಗಿದ್ದಾಗ ಮೈಸೂರು ವಿಶ್ವವಿದ್ಯಾನಿಲಯ ಅದನ್ನು ಕೊಂಡಿತು. ಮುಂದೆ ಜಾನಪದ ವಸ್ತುಸಂಗ್ರಹಾಲಯ ಅಲ್ಲಿಗೆ ಬಂದರೂ ಕಟ್ಟಡ ಶಿಥಿಲವಾಗುತ್ತ ಹೋಗಿ, ಈ ಶತಮಾನದ ಮೊದಲ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ದುರಸ್ತಿ ಕಾಣಬೇಕಾಯಿತು. ಚೆಲುವಾಂಬ ಮ್ಯಾನ್ಷನ್ನಿಗೆ ಮಾತ್ರ 1950ರಿಂದ ಬಿಡುವೇ ಸಿಕ್ಕಿಲ್ಲ. ಹಳೆಯ ಕಟ್ಟಡಕ್ಕೆ ದಿನವೂ ಬಾಗಿಲು ತೆಗೆಯುವ ಕೆಲಸವೊಂದಿದ್ದರೆ ಅರ್ಧ ರಕ್ಷಣೆ ಆದಂತೆಯೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸಂಸ್ಥೆಯ ಪ್ರಯೋಗಾಲಯಗಳಲ್ಲಿ, ಡಬ್ಬಿ ತುಂಬುವ ಘಟಕಗಳಲ್ಲಿ ದುಡಿದು ನಿವೃತ್ತರಾದ ಹಿರಿಯರು ನಮ್ಮ ಬಡಾವಣೆಯ ಬೀದಿಗಳಲ್ಲಿದ್ದಾರೆ. ಅವರ ಬಳಿ ಹಳೆಯ ಫೋಟೊ, ಡಬ್ಬಿಯ ಲೇಬಲ್, ತರಬೇತಿ ಟಿಪ್ಪಣಿ ಏನಿದ್ದರೂ ದಯವಿಟ್ಟು ರದ್ದಿಗೆ ಹಾಕದೆ ಮುಂದಿನ ಸಂಚಿಕೆಗೆ ಕೊಡಬೇಕು.