ಅಲ್‌ಸ್ಟರಿನ ಕೋಟೆಮನೆಗಳು



1607ರಲ್ಲಿ ಉತ್ತರ ಐರ್ಲೆಂಡಿನ ಅಲ್‌ಸ್ಟರ್ ಪ್ರಾಂತದ ಐರಿಷ್ ಪ್ರಭುಗಳು ದೇಶಬಿಟ್ಟು ಕಡಲು ದಾಟಿದರು. ಒಂದನೆಯ ಜೇಮ್ಸ್ ದೊರೆಯು ಅವರ ನೆಲವನ್ನು ವಶಪಡಿಸಿಕೊಂಡು, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡುಗಳಿಂದ ಬಂದವರಿಗೆ ಹಂಚಿದನು. ಆದರೆ ಕರಾರೊಂದಿದ್ದಿತು: 2000 ಎಕರೆ ಪಡೆದವನು ಕೋಟೆಯನ್ನೂ ಅದರ ಸುತ್ತ ‘ಬಾನ್’ ಎಂಬ ಪ್ರಾಕಾರವನ್ನೂ ಕಟ್ಟತಕ್ಕದ್ದು, 1000 ಎಕರೆಯವನಿಗೂ ಪ್ರಾಕಾರವು ತಪ್ಪದು. ಇರುಳಿನಲ್ಲಿ ದನಕರುಗಳಿಗೂ, ಅಪಾಯಕಾಲದಲ್ಲಿ ಒಕ್ಕಲುಗಳಿಗೂ ಅದೇ ಆಸರೆ. ಗೋಡೆಯ ಆ ಹೆಸರು ಮಾತ್ರ ಐರಿಷರದೇ!

ಫರ್ಮನಾ ಸೀಮೆಯ ಮೊನೇ ಕೋಟೆಮನೆಯ ಅವಶೇಷವು ಇಂದಿಗೂ ನಿಂತಿದೆ. ಮೇಲೆ ಸ್ಕಾಟ್ಲೆಂಡಿನ ಮಾದರಿಯ ಮೆಟ್ಟಿಲುಗೋಪುರದ ಸೊಬಗು, ಕೆಳಗೆ ಕೋವಿಗಂಡಿಗಳು. ಮನೆಯ ಸುಖವೂ ಒಡೆಯನ ಅಂಜಿಕೆಯೂ ಒಂದೇ ಗೋಡೆಯಲ್ಲಿ ಸೇರಿವೆ.

1641ರಲ್ಲಿ, ನೆಲ ಕಳೆದುಕೊಂಡವರು ದಂಗೆಯೆದ್ದಾಗ ಇಂತಹ ಅನೇಕ ಗೋಡೆಗಳು ಆಸರೆ ನೀಡಲಾರದೆ ಹೋದುವು. ಕಲ್ಲುಗೋಡೆಯು ಹೊಲವನ್ನು ಕಾಯಬಲ್ಲುದು. ನೆರೆಹೊರೆಯವರ ಒಪ್ಪಿಗೆಯನ್ನು ತಂದುಕೊಡಲಾರದು.