ಗಾಜಿನ ತೊಟ್ಟಿಯ ಮೀನುಗಳ ಪೂರ್ವೋತ್ತರ

ಶಾಂಭವಿ ಹೊಳೆಯು ಕಾರ್ಕಳದ ಸೀಮೆಯಿಂದ ಇಳಿದು ಬಂದು, ಮೂಲ್ಕಿಯನ್ನು ತೆಂಕಣ ದಡದಲ್ಲೂ ಹೆಜಮಾಡಿಯನ್ನು ಬಡಗಣ ದಡದಲ್ಲೂ ಬಿಟ್ಟು, ಕೋಡಿಯ ಮರಳಿನ ಬದಿಯಲ್ಲಿ ಕಡಲನ್ನು ಸೇರುತ್ತದೆ. ಇಂತಹ ಊರಿನಲ್ಲಿ ಮೀನೆಂದರೆ ಬಂಗುಡೆ, ಬೂತಾಯಿ. ಮೀನೆಂದರೆ ಬಲೆ, ದೋಣಿ, ಮಧ್ಯಾಹ್ನದ ಅನ್ನದ ಬದಿಯ ಪುಳಿಮುಂಚಿ. ಮೀನನ್ನು ಬರಿದೆ ನೋಡುವುದಕ್ಕೆಂದು ಗಾಜಿನ ತೊಟ್ಟಿಯಲ್ಲಿ ಸಾಕುತ್ತಾರೆಂದರೆ ಕೋಡಿಯ ಹಿರಿಯರು ನಕ್ಕಾರು. ಆದರೂ ಪೇಟೆಯ ಮನೆಗಳ ಚಾವಡಿಯಲ್ಲಿ, ರೇಡಿಯೋ ಇಟ್ಟ ಮೇಜಿನ ಆಚೆ, ಅಂತಹದೊಂದು ತೊಟ್ಟಿಯನ್ನು ನೀವು ಕಂಡಿರಬಹುದು. ನಿಮ್ಮ ಮನೆಯಲ್ಲೇ ಇದ್ದರೂ ಇರಬಹುದು.

ಹಲವು ಜಾತಿಯ ಸಣ್ಣ ಮೀನುಗಳು ಒಂದರ ಗೊಡವೆಗೆ ಇನ್ನೊಂದು ಹೋಗದೆ ಒಟ್ಟಿಗೆ ಬಾಳುವ ಸಿಹಿನೀರಿನ ತೊಟ್ಟಿ ಇದು. ನಮ್ಮ ಕೂಡುಕುಟುಂಬವನ್ನು ನೆನೆದು ಇದನ್ನು ಕೂಡುತೊಟ್ಟಿ ಎಂದು ಕರೆಯೋಣ. ಇದು ವಿಲಾಯತಿಯ ಶೋಕಿ ಎಂದು ನಮ್ಮಲ್ಲಿ ಹಲವರ ಎಣಿಕೆ. ತೊಟ್ಟಿಯ ಮಟ್ಟಿಗೆ ಆ ಮಾತು ನಿಜ. ಆದರೆ ತೊಟ್ಟಿಯೊಳಗಿನ ಮೀನುಗಳ ಕಥೆಯನ್ನು ಹಿಂದಕ್ಕೆ ಹುಡುಕುತ್ತ ಹೋದರೆ, ದಾರಿ ನಮ್ಮ ದಕ್ಷಿಣ ಕನ್ನಡದ ಹೊಳೆಗಳ ದಡಕ್ಕೇ ಬಂದು ಮುಟ್ಟುತ್ತದೆ.

ಮೀನನ್ನು ಅಕ್ಕರೆಯಿಂದ ನೋಡುವುದು ನಮಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಉಂಟು. ಯಾವ ಮೀನು ಕಡಲಿನದು, ಯಾವುದು ಹೊಳೆಯದು, ಯಾವುದಕ್ಕೆ ಯಾವ ಆಹಾರ ಪ್ರಿಯ ಎಂಬುದನ್ನೆಲ್ಲ ಅರಸನು ಅಲ್ಲಿ ವಿವರಿಸಿದ್ದಾನೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಭಾಗದ ಮೇಲೆ ಲೇಖನ ಬರೆದು ವಿದ್ವಾಂಸರ ಗಮನವನ್ನು ಅತ್ತ ಸೆಳೆದರು. ಅರಸನ ಉದ್ದೇಶವು ಕೊನೆಗೆ ಗಾಳವೇ ಆಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಗಾಳದ ಆಸೆಯಿಲ್ಲದೆ ಮೀನಿಗೆ ಅಕ್ಕಿ ಹಾಕುವ ಪದ್ಧತಿಯನ್ನು ನೋಡಬೇಕಾದರೆ ಶೃಂಗೇರಿಯ ತುಂಗೆಗೋ ಬೆಳ್ತಂಗಡಿ ತಾಲೂಕಿನ ಶಿಶಿಲದ ಕಪಿಲೆಗೋ ಹೋಗಬೇಕು. ಬಾವಿಯ ನೀರಿನಲ್ಲಿ ಹುಳು ಆಗದಿರಲೆಂದು ನಾಲ್ಕು ಸಣ್ಣ ಮೀನು ಬಿಡುವ ರೂಢಿಯಂತೂ ಕರಾವಳಿಯ ಮನೆಮನೆಯದು.

ಗಾಜಿನ ತೊಟ್ಟಿಯು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ಗಾಜಿನ ಮೇಲಿದ್ದ ತೆರಿಗೆಯನ್ನು 1845ರಲ್ಲಿ ತೆಗೆದುಹಾಕಿದ ಮೇಲೆ ಗಾಜು ಅಗ್ಗವಾಯಿತು. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು, ಚಿನ್ನದ ಮೀನು, ವ್ಯಾಲಿಸ್ನೇರಿಯಾ ಎಂಬ ನೀರುಹುಲ್ಲು ಮತ್ತು ಬಸವನಹುಳು ಇವಿಷ್ಟನ್ನು ಒಂದೇ ಪಾತ್ರೆಯಲ್ಲಿ ಇಟ್ಟು, ನೀರನ್ನು ಬದಲಿಸದೆಯೇ ಅವು ಬಹುಕಾಲ ಬಾಳಬಲ್ಲವೆಂದು ವರದಿ ಮಾಡಿದನು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಹೆಸರು ಎಲ್ಲರ ಬಾಯಿಗೂ ಬಂದಿತು. ಆ ನಾಡಿನ ಚಳಿಗೆ ಬಿಸಿಲುನಾಡಿನ ಮೀನು ಉಳಿಯದಾದ್ದರಿಂದ ತೊಟ್ಟಿಯನ್ನು ಕಾಯಿಸುವ ತೊಡಕೂ ಅವರಿಗೆ ಇತ್ತು. ನಮ್ಮ ಕರಾವಳಿಯಲ್ಲಿ ಆ ಖರ್ಚು ಇಲ್ಲ.

ಇನ್ನು ಮೀನುಗಳ ವಿಷಯ. ಟಿಪ್ಪುವಿನ ಪತನದ ತರುವಾಯ, ಹೊಸದಾಗಿ ಕೈಸೇರಿದ ಸೀಮೆಗಳ ಕೃಷಿ, ಕಸುಬುಗಳನ್ನು ನೋಡಿ ಬರೆಯಲೆಂದು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಂಪನಿ ಸರಕಾರವು 1800ರಲ್ಲಿ ಮದರಾಸಿನಿಂದ ಕಳುಹಿಸಿತು. ಅವನು 1801ರ ಆರಂಭದಲ್ಲಿ ಮಂಗಳೂರಿನಿಂದ ಹೊರಟು, ಮೂಡಬಿದಿರೆ, ಕಾರ್ಕಳಗಳನ್ನು ಹಾದು ಉಡುಪಿಗೆ ಬಂದು ಬಡಗಲಿಗೆ ಸಾಗಿದನು. ಆ ಪ್ರವಾಸದ ಮೂರು ಸಂಪುಟಗಳು ಅಚ್ಚಾದದ್ದು 1807ರಲ್ಲಿ. ನಮ್ಮ ಜಿಲ್ಲೆಯ ಚರಿತ್ರೆಯನ್ನು ಬರೆಯುವವರೆಲ್ಲ ಅವನ್ನು ತಿರುವಿಹಾಕುತ್ತಾರೆ. ಆದರೆ ಈತನೇ 1822ರಲ್ಲಿ ಗಂಗಾನದಿಯ ಮೀನುಗಳ ಮೇಲೆ ಒಂದು ಗ್ರಂಥವನ್ನು ಪ್ರಕಟಿಸಿದನೆಂಬುದನ್ನು ಅವರಲ್ಲಿ ಎಷ್ಟು ಮಂದಿ ಗಮನಿಸಿದ್ದಾರೋ! ಇಂದು ಜಗತ್ತಿನ ಕೂಡುತೊಟ್ಟಿಗಳಲ್ಲೆಲ್ಲ ಓಡಾಡುವ ಪಟ್ಟೆಯ ಜೀಬ್ರಾ ಮೀನು, ಕೆಂಬಣ್ಣದ ರೋಸಿ ಬಾರ್ಬ್, ಅಂಗೈಯೊಳಗೆ ಅಡಗುವ ಕುಬ್ಜ ಗುರಾಮಿ ಇವೆಲ್ಲಕ್ಕೂ ಶಾಸ್ತ್ರೀಯ ನಾಮಕರಣವಾದದ್ದು ಆ ಗ್ರಂಥದಲ್ಲಿ. ಬಂಗಾಳದ ಬೆಸ್ತರು ಕರೆಯುತ್ತಿದ್ದ ಹೆಸರುಗಳನ್ನೇ ಅವನು ಎಷ್ಟೋ ಕಡೆ ಲ್ಯಾಟಿನ್ನಿನ ಪಕ್ಕದಲ್ಲಿ ಕೂರಿಸಿದನು. ಅವನಿಗಾಗಿ ಮೀನಿನ ಚಿತ್ರಗಳನ್ನು ಬರೆದವನು ಹಲುದರ್ ಎಂಬ ಬಂಗಾಳಿ ಕಲಾವಿದ. ಆ ಹೆಸರು ಬಹುಕಾಲ ಯಾರ ನೆನಪಿನಲ್ಲೂ ಇರಲಿಲ್ಲ. 2013ರಲ್ಲಿ ಶ್ರೀಲಂಕೆಯ ವಿಜ್ಞಾನಿ ರೋಹನ್ ಪೆತಿಯಗೊಡ ಅವರು ಒಂದು ಮೀನಿನ ಕುಲಕ್ಕೆ ‘ಹಲುದಾರಿಯಾ’ ಎಂದು ಹೆಸರಿಟ್ಟು ಆ ಋಣವನ್ನು ತೀರಿಸಿದರು. ಆ ಕುಲದ ಮೀನುಗಳ ತವರು ಗಂಗೆಯಲ್ಲ, ನಮ್ಮ ಘಟ್ಟದ ತೊರೆಗಳು. ಮೈಮೇಲೆ ಕರಿಯ ಅಡ್ಡಪಟ್ಟೆಗಳನ್ನುಳ್ಳ ಆ ಪುಟ್ಟ ಮೀನು ಅಂಗಡಿಗಳಲ್ಲಿ ಮೆಲನ್ ಬಾರ್ಬ್ ಎಂದು ಮಾರಾಟವಾಗುತ್ತದೆ.

ಘಟ್ಟದ ಈ ಮೀನಿಗೆ ಮೊದಲು ಹೆಸರಿಟ್ಟವನು ಥಾಮಸ್ ಜೆರ್ಡನ್. ಹಕ್ಕಿಗಳ ಗ್ರಂಥದಿಂದ ಹೆಸರಾದವನು. ಅವನು 1849ರಲ್ಲಿ ಮದರಾಸಿನ ಒಂದು ಪತ್ರಿಕೆಯಲ್ಲಿ ದಕ್ಷಿಣ ಭಾರತದ ಸಿಹಿನೀರಿನ ಮೀನುಗಳನ್ನು ವರ್ಣಿಸಿದಾಗ, ಒಂದು ಮೀನಿಗೆ ‘ಕನಾರೆನ್ಸಿಸ್’ ಎಂದು ನಮ್ಮ ಸೀಮೆಯ ಹೆಸರನ್ನೇ ಕೊಟ್ಟನು. ಮಲಬಾರ್ ಡ್ಯಾನಿಯೋ ಎಂಬ ನೀಲಿ ಹೊಂಬಣ್ಣದ ಮೀನಿನ ಹೆಸರೂ ಆ ಲೇಖನದ್ದೇ.

ಆದರೆ ನನ್ನ ಎಣಿಕೆಯಲ್ಲಿ ಇವರೆಲ್ಲರಿಗಿಂತ ನಾವು ನೆನೆಯಬೇಕಾದವನು ಹೆನ್ರಿ ಸಲಿವನ್ ಥಾಮಸ್. 1870ರ ಹೊತ್ತಿಗೆ ದಕ್ಷಿಣ ಕನ್ನಡದ ಕಲೆಕ್ಟರನ ಅಧಿಕಾರದಲ್ಲಿದ್ದ ಈತನು ಗಾಳದ ಹುಚ್ಚಿನವನು. ಗಾಳ ಹಿಡಿದು ಹೊಳೆ ಹೊಳೆ ಸುತ್ತಿದವನಿಗೆ ಕಂಡದ್ದೇನು? ಬೇಸಗೆಯ ಗುಂಡಿಗಳಲ್ಲಿ ವಿಷ ಕದಡುತ್ತಾರೆ. ಸಣ್ಣ ಕಣ್ಣಿನ ಬಲೆಗಳಲ್ಲಿ ಮರಿಗಳನ್ನು ಬಾಚುತ್ತಾರೆ. ಮುಂದಿನ ವರ್ಷದ ಮೀನು ಈ ವರ್ಷವೇ ತೀರಿಹೋಗುತ್ತದೆ. ಅವನು 1870ರಲ್ಲಿ ದಕ್ಷಿಣ ಕನ್ನಡದ ಮೀನು ಸಾಕಣೆಯ ಮೇಲೆ ಒಂದು ವರದಿಯನ್ನೇ ಪ್ರಕಟಿಸಿದನು. 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಅವನ ಪುಸ್ತಕ ನಮ್ಮ ಮಂಗಳೂರಿನಿಂದಲೇ ಹೊರಬಂದಿತು. ಗಾಳದವರು ಇಂದಿಗೂ ಅದನ್ನು ಹುಡುಕಿ ಓದುತ್ತಾರೆ. ಭಾರತದ ಮೀನುಗಳ ಮಹಾಗ್ರಂಥವನ್ನು 1875 ಮತ್ತು 1878ರ ನಡುವೆ ಹೊರತಂದ ಫ್ರಾನ್ಸಿಸ್ ಡೇ ಎಂಬವನಿಗೆ ಈ ಥಾಮಸ್ ನೆರವಾದವನು. ಅದರ ಗುರುತಿಗಾಗಿ ಡೇಯು ಗಾಜಿನಂತೆ ಪಾರದರ್ಶಕವಾದ ಒಂದು ಮೀನಿಗೂ, ದಕ್ಷಿಣ ಕನ್ನಡದ ಹೊಳೆಗಳ ಒಂದು ಕೆಂಪು ಮೀನಿಗೂ ‘ಥಾಮಸೈ’ ಎಂದು ಹೆಸರಿಟ್ಟನು. ಹೊಳೆಗೆ ವಿಷ, ಸಿಡಿಮದ್ದು ಹಾಕುವುದನ್ನು ನಿಷೇಧಿಸುವ ಭಾರತೀಯ ಮೀನುಗಾರಿಕೆ ಕಾಯಿದೆಯು ಬಂದದ್ದು 1897ರಲ್ಲಿ. ಕಾಯಿದೆ ಬಂದು ಸುಮಾರು ನೂರು ವರ್ಷವಾದರೂ ವಿಷ ನಿಲ್ಲಲಿಲ್ಲ. 1996ರಲ್ಲಿ ಶಿಶಿಲದ ದೇವರ ಮೀನುಗಳಿಗೇ ದುರುಳರು ವಿಷ ಹಾಕಿದರು. ಸತ್ತ ಮೀನುಗಳಿಗೆ ಅಲ್ಲಿ ಒಂದು ಸ್ಮಾರಕವುಂಟು.

ಮೀನನ್ನು ಗಾಜಿನಾಚೆ ತೋರಿಸುವ ಕೆಲಸವು ನಮ್ಮ ಕಡೆಯವರಿಗೆ ತಲುಪಿದ್ದು ನಿಧಾನವಾಗಿ. ನಮ್ಮ ಜಿಲ್ಲೆಯು ಮದರಾಸಿಗೆ ಸೇರಿದ್ದ ಕಾಲದಲ್ಲಿ, 1909ರಲ್ಲಿ, ಮದರಾಸಿನ ಮರೀನಾ ದಂಡೆಯಲ್ಲಿ ಮತ್ಸ್ಯಾಲಯ ತೆರೆಯಿತು. ಯುದ್ಧದ ಭಯದಿಂದ 1942ರಲ್ಲಿ ಅದು ಮುಚ್ಚಿತು. ಬೊಂಬಾಯಿಗೆ ಹೊಟ್ಟೆಪಾಡಿಗೆ ಹೋದ ತುಳುವರು, ಊರಿನಿಂದ ಬಂದ ನೆಂಟರಿಗೆ ತೋರಿಸುವ ನೋಟಗಳಲ್ಲಿ 1951ರಲ್ಲಿ ತೆರೆದ ತಾರಾಪೋರವಾಲಾ ಮತ್ಸ್ಯಾಲಯವೂ ಒಂದಾಗಿತ್ತು. 1969ರಲ್ಲಿ ಮಂಗಳೂರಿನಲ್ಲಿ ದೇಶದ ಮೊದಲ ಮೀನುಗಾರಿಕೆ ಕಾಲೇಜು ಆರಂಭವಾಯಿತು. ಬೆಂಗಳೂರಿನ ಕಬ್ಬನ್ ಪಾರ್ಕಿನ ಬಳಿಯ ಸರಕಾರಿ ಮತ್ಸ್ಯಾಲಯವು 1983ರದು.

ಈಗ ನಿಮ್ಮ ಮನೆಯ ತೊಟ್ಟಿಗೆ ಬರೋಣ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯು ಸುಮಾರು 55 ಲೀಟರು ನೀರನ್ನು ಹಿಡಿಯುತ್ತದೆ. ಎಂದರೆ ನೀರಿನ ಭಾರವೇ 55 ಕಿಲೋ. ಮೇಜು ಅದನ್ನು ತಾಳಬೇಕು. ಕಿಟಿಕಿಯ ಬಿಸಿಲು ನೇರವಾಗಿ ಬಿದ್ದರೆ ಗಾಜೆಲ್ಲ ಪಾಚಿಯಾಗುತ್ತದೆ. ಹೆಜಮಾಡಿಯಂತಹ ಊರಿನವರು ಮುಖ್ಯವಾಗಿ ನೆನಪಿಡತಕ್ಕದ್ದು ಎರಡು. ತಳಕ್ಕೆ ಕಡಲಿನ ಮರಳನ್ನು ಹಾಕಬೇಡಿ. ಅದರಲ್ಲಿ ಉಪ್ಪೂ ಚಿಪ್ಪಿನ ಸುಣ್ಣವೂ ಇರುವುದರಿಂದ ನೀರು ಗಡುಸಾಗುತ್ತದೆ. ಚೆನ್ನಾಗಿ ತೊಳೆದ ಹೊಳೆಯ ಸಣ್ಣ ಕಲ್ಲು ಸಾಕು. ಎರಡನೆಯದಾಗಿ, ಕೋಡಿಯ ಬಾವಿಗಳು ಎಪ್ರಿಲ್, ಮೇ ತಿಂಗಳುಗಳಲ್ಲಿ ಉಪ್ಪಾಗುವುದುಂಟು. ಮಳೆಗಾಲದಲ್ಲಿ ಮೀನಿಗೆ ಒಗ್ಗಿದ ಬಾವಿಯೇ ಬೇಸಗೆಯಲ್ಲಿ ಅದಕ್ಕೆ ಮುಳುವಾದೀತು. ನಳ್ಳಿಯ ನೀರಾದರೆ ಅದರ ಕ್ಲೋರಿನ್ ಹೋಗುವಂತೆ ಅಗಲದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು.

ತೊಟ್ಟಿ ತಂದ ದಿನವೇ ಮೀನನ್ನೂ ತಂದು ತುಂಬುವವರ ಮೀನುಗಳು ವಾರದೊಳಗೆ ತೇಲುತ್ತವೆ. ಅಂಗಡಿಯವನು ರೋಗದ ಮೀನು ಕೊಟ್ಟನೆಂದು ದೂರುವುದುಂಟು. ಬಹುಮಟ್ಟಿಗೆ ಕಾರಣ ಬೇರೆ. ಮೀನಿನ ಮಲದಿಂದಲೂ ಉಳಿದ ತಿನಿಸಿನಿಂದಲೂ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಕೆಲವು ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ, ಬೇರೆ ಕೆಲವು ಆ ನೈಟ್ರೈಟನ್ನು ಹೆಚ್ಚು ಕೇಡಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಕೆಲಸ ಜೀವಿಗಳದೇ ಎಂಬುದು 1877ರಲ್ಲಿ ಫ್ರಾನ್ಸಿನಲ್ಲಿ ತಿಳಿಯಿತು. ಆ ಜೀವಿಗಳನ್ನು 1890ರ ಹೊತ್ತಿಗೆ ಬೇರ್ಪಡಿಸಿದವನು ರಷ್ಯದ ವಿನೊಗ್ರಾಡ್‌ಸ್ಕಿ. ವಾರಿಂಗ್ಟನ್ನನಿಗೆ ಇದೊಂದೂ ಗೊತ್ತಿರಲಿಲ್ಲ. ಎಲ್ಲವನ್ನೂ ಹುಲ್ಲೇ ನೋಡಿಕೊಳ್ಳುತ್ತದೆಂದು ಅವನ ಕಾಲದವರು ನಂಬಿದ್ದರು. ಕಲ್ಲಿನ ಮೇಲೂ ಶೋಧಕದ ಸ್ಪಂಜಿನಲ್ಲೂ ಈ ಜೀವಿಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆ ತನಕ ನೀರು ತುಂಬಿಸಿ, ಶೋಧಕವನ್ನು ಓಡಿಸುತ್ತ, ದಿನಕ್ಕೊಂದು ಚಿಟಿಕೆ ತಿನಿಸು ಹಾಕುತ್ತ ಮೀನಿಲ್ಲದ ತೊಟ್ಟಿಯನ್ನು ನೋಡುತ್ತ ಕೂರುವ ತಾಳ್ಮೆ ಮನೆಯ ಮಕ್ಕಳಿಗಂತೂ ಇರದು. ದೊಡ್ಡವರಿಗಾದರೂ ಇರಲಿ.

ಮೀನುಗಳನ್ನು ಆರಿಸುವಾಗ ನೀರಿನ ಮೇಲು, ನಡು, ತಳ ಎಂಬ ಮೂರು ಅಂತಸ್ತುಗಳನ್ನು ಕಣ್ಣಮುಂದೆ ಇಟ್ಟುಕೊಳ್ಳಿ. ಮೇಲೆ ಜೀಬ್ರಾ ಎಂಟು, ನಡುವೆ ಮೆಲನ್ ಬಾರ್ಬ್ ಆರು, ತಳದಲ್ಲಿ ಮೀಸೆಯ ಸಣ್ಣ ಲೋಚ್ ಮೂರು ನಾಲ್ಕು. ಈ ಅಳತೆಗೆ ಇಷ್ಟು ಧಾರಾಳ. ಗುಂಪಿನ ಮೀನನ್ನು ಒಂಟಿಯಾಗಿ ಇಟ್ಟರೆ ಅದು ಹೆದರಿ ಮೂಲೆ ಹಿಡಿಯುತ್ತದೆ, ಇಲ್ಲವೇ ನೆರೆಯವರ ರೆಕ್ಕೆ ಕಚ್ಚುತ್ತದೆ. ಮಲಬಾರ್ ಡ್ಯಾನಿಯೋ ಚೆಲುವಾದದ್ದೇ, ಆದರೆ ಮಹಾ ನೆಗೆತದ ಪ್ರಾಣಿ. ಅದಕ್ಕೆ ಇನ್ನೂ ಉದ್ದದ ತೊಟ್ಟಿಯೂ ಭದ್ರವಾದ ಮುಚ್ಚಳವೂ ಬೇಕು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ತಿನಿಸು, ವಾರಕ್ಕೊಮ್ಮೆ ಕಾಲುಭಾಗ ಹೊಸನೀರು. ಮಳೆಗಾಲದಲ್ಲಿ ರಾತ್ರಿಯಿಡೀ ಕರೆಂಟು ಹೋದಾಗ, ಮೀನು ಕಡಮೆಯಿದ್ದ ತೊಟ್ಟಿಯೇ ಬೆಳಗಿನವರೆಗೆ ತಾಳುವುದು.

ಹೊಳೆಯೇ ಹತ್ತಿರವಿರುವಾಗ ಮೀನನ್ನು ಅಂಗಡಿಯಿಂದ ಏಕೆ ತರಬೇಕೆಂದು ನೀವು ಕೇಳಬಹುದು. ಅದಕ್ಕೆ ಉತ್ತರವಾಗಿ ಇನ್ನೊಂದು ಮೀನಿನ ಕಥೆಯುಂಟು. 1865ರಲ್ಲಿ ಡೇಯು ತಿರುವಾಂಕೂರಿನ ಬೆಟ್ಟಗಳಿಂದ ಬಂದ, ಮೈಯುದ್ದಕ್ಕೂ ಕರಿಗೆರೆ, ಅದರ ಮೇಲೆ ಕೆಂಗೆರೆ ಉಳ್ಳ ಒಂದು ಮೀನಿಗೆ ಮದರಾಸಿನ ಗವರ್ನರ್ ಡೆನಿಸನ್ನನ ಹೆಸರಿಟ್ಟನು. ನಮ್ಮ ಸುಳ್ಯದ ಪಯಸ್ವಿನಿಯೇ ಮುಂದೆ ಕಾಸರಗೋಡಿನಲ್ಲಿ ಚಂದ್ರಗಿರಿಯಾಗುತ್ತದಲ್ಲ, ಆ ಚಂದ್ರಗಿರಿಯಲ್ಲೂ ಈ ಮೀನುಂಟು. ನೂರಮೂವತ್ತು ವರ್ಷ ಅದನ್ನು ಕೇಳಿದವರಿಲ್ಲ. 1997ರಲ್ಲಿ ಸಿಂಗಪುರದ ಪ್ರದರ್ಶನವೊಂದರಲ್ಲಿ ಅದು ಬಹುಮಾನ ಪಡೆದದ್ದೇ ತಡ, ‘ಮಿಸ್ ಕೇರಳ’ವೆಂಬ ಹೆಸರಿನಲ್ಲಿ ದೇಶಾಂತರಕ್ಕೆ ಹೊರಟಿತು. ಹತ್ತು ವರ್ಷದೊಳಗೆ, ಭಾರತದಿಂದ ರಫ್ತಾಗುವ ಜೀವಂತ ಅಲಂಕಾರ ಮೀನುಗಳ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇದೊಂದರದೇ ಆಯಿತು. ಹೊಳೆಗಳಲ್ಲಿ ಅದು ಬರಿದಾಗುತ್ತ ಬಂದಿತು. ಕೊನೆಗೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ 2022ರ ತಿದ್ದುಪಡಿಯು ಅದನ್ನು ಹುಲಿ, ಆನೆಗಳಿರುವ ಮೊದಲನೆಯ ಅನುಸೂಚಿಗೆ ಸೇರಿಸಿತು. ಆದುದರಿಂದ ತೊಟ್ಟಿಗೆ ಬರುವ ಮೀನು ಸಾಕಣೆಯಲ್ಲಿ ಹುಟ್ಟಿದ್ದೋ ಹೊಳೆಯಿಂದ ಹಿಡಿದದ್ದೋ ಎಂದು ಅಂಗಡಿಯಲ್ಲಿ ಕೇಳಿಯೇ ಕೊಳ್ಳಿ. ಜೀಬ್ರಾ, ರೋಸಿ ಬಾರ್ಬ್‌ಗಳು ಸಾಕಣೆಯಲ್ಲಿ ಸುಲಭವಾಗಿ ಮರಿಮಾಡುವಂತಹವು.

ಇದರ ಇನ್ನೊಂದು ಮುಖವೂ ಉಂಟು. ವರ್ಗವಾಗಿ ಬೇರೆ ಊರಿಗೆ ಹೊರಟವರು, ಮೀನಿನ ಮೇಲಿನ ಕನಿಕರದಿಂದಲೇ, ತೊಟ್ಟಿಯನ್ನು ಒಯ್ದು ತೋಡಿಗೆ ಸುರಿದು ಹೋಗುತ್ತಾರೆ. ಸೊಳ್ಳೆಯ ಕಾಟಕ್ಕೆಂದು 1928ರಲ್ಲಿ ಇಟಲಿಯಿಂದ ತರಿಸಿದ ಗ್ಯಾಂಬೂಸಿಯಾ, ಅಮೆರಿಕದ ಕಡೆಯ ಗಪ್ಪಿ, 1952ರಲ್ಲಿ ಬಂದ ತಿಲಾಪಿಯಾ ಇವು ನಮ್ಮ ನೀರಿನಲ್ಲಿ ಬೇರೂರಿದ ಮೇಲೆ ಅವನ್ನು ಹಿಂದಕ್ಕೆ ಕರೆಯುವ ಉಪಾಯ ಯಾರಿಗೂ ಹೊಳೆದಿಲ್ಲ. ಗ್ಯಾಂಬೂಸಿಯಾ ಸೊಳ್ಳೆಯ ಮರಿಗಳ ಜೊತೆಗೆ ಊರ ಮೀನಿನ ಮರಿಗಳನ್ನೂ ಕಪ್ಪೆಯ ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ಸೊಳ್ಳೆಯ ಕೆಲಸಕ್ಕೆ ಹೊರಗಿನ ಮೀನು ಬೇಕಾಗಿಯೂ ಇರಲಿಲ್ಲ. ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕಿಯುಳ್ಳ ಪುಟ್ಟ ಮೀನೊಂದು ನಮ್ಮ ಗದ್ದೆಯ ತೋಡುಗಳಲ್ಲಿ ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ತೇಲುತ್ತ ಮೊದಲಿನಿಂದಲೂ ಅದನ್ನೇ ಮಾಡುತ್ತ ಬಂದಿದೆ. ನಿಮಗೆ ಬೇಡವಾದ ಮೀನನ್ನು ಸಾಕುವ ಇನ್ನೊಬ್ಬರಿಗೆ ಕೊಡಿ, ಇಲ್ಲವೇ ಅಂಗಡಿಗೆ ಹಿಂದಿರುಗಿಸಿ; ಶಾಂಭವಿಗೆ ಬೇಡ.

ಕಲೆಕ್ಟರ್ ಥಾಮಸನ ಹೆಸರನ್ನು ಹೊತ್ತ ಆ ಕೆಂಪು ಮೀನು ಯಾವ ಚಾವಡಿಯ ತೊಟ್ಟಿಗೂ ಹಿಡಿಸುವಂತಹದಲ್ಲ, ಹೊಳೆಯಲ್ಲೇ ಬೆಳೆಯತಕ್ಕ ದೊಡ್ಡ ಮೀನು. ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದವರು ಅದನ್ನು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಬರೆದಿದ್ದಾರೆ.